ಕಾರ್ ಇನ್ಶೂರೆನ್ಸ್ ಕಂಪನಿ ಬದಲಾಯಿಸಬೇಕು, ಎನ್‌ಸಿಬಿ ಕಳೆದುಕೊಳ್ಳದೆ ಹೇಗೆ?

ನಾಲ್ಕನೇ_ಗೇರ್

ಎಲ್ಲರಿಗೂ ನಮಸ್ಕಾರ. ಕಾರಿನ ಪಾಲಿಸಿ ಇನ್ನು 26 ದಿನಕ್ಕೆ ಮುಗಿಯುತ್ತದೆ. ಈ ಸಲ ಬೇರೆ ಕಂಪನಿಗೆ ಹೋಗುವ ಯೋಚನೆ ಇದೆ. 1,197 ಸಿಸಿ ಪೆಟ್ರೋಲ್ ಕಾರು, ಹೊಸದಾಗಿ ಕೊಂಡದ್ದು, 4 ವರ್ಷ ತುಂಬುತ್ತಿದೆ, ಇದುವರೆಗೆ ಒಂದೂ ಕ್ಲೇಮ್ ಇಲ್ಲ. ಈಗಿನ ಪಾಲಿಸಿಯಲ್ಲಿ ಎನ್‌ಸಿಬಿ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) 35% ಎಂದಿದೆ. ಬ್ಯಾಂಕ್ ಸಾಲ ಇನ್ನೂ ನಡೆಯುತ್ತಿದೆ.

ಹಳೆ ಕಂಪನಿ ಕಳಿಸಿದ ನೋಟಿಸ್‌ನಲ್ಲಿ ಐಡಿವಿ (ವಿಮೆಗೆ ಹಿಡಿಯುವ ಕಾರಿನ ಬೆಲೆ) 3,80,000, ಪ್ರೀಮಿಯಂ 13,600 ರೂ. ಹೊಸ ಕಂಪನಿಯಲ್ಲಿ ಐಡಿವಿ 3,25,000, ಪ್ರೀಮಿಯಂ 10,857 ರೂ. ಎರಡರಲ್ಲೂ ಜೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಕ್ಲೇಮ್ ಕೊಡುವ ಹೆಚ್ಚುವರಿ ರಕ್ಷಣೆ, ಅಂದರೆ ಆಡ್-ಆನ್) ಇದೆ. ಹೊಸ ಕಂಪನಿಯ ಬಿಡಿಲೆಕ್ಕ ಹೀಗಿದೆ: ಮೂಲ ಓಡಿ (ಸ್ವಂತ ಕಾರಿನ ಹಾನಿಯ ಪ್ರೀಮಿಯಂ) 7,200, ಎನ್‌ಸಿಬಿ 45% ಕಳೆದು 3,960, ಜೀರೋ ಡೆಪ್ 1,500, ಥರ್ಡ್ ಪಾರ್ಟಿ (ಬೇರೆಯವರಿಗಾಗುವ ಹಾನಿಯ ವಿಮೆ) 3,416, ಮಾಲೀಕರ ಅಪಘಾತ ವಿಮೆ 325, ಇವೆಲ್ಲದರ ಮೇಲೆ 18% ಜಿಎಸ್‌ಟಿ.

ನನ್ನ ಪ್ರಶ್ನೆಗಳು: ಎನ್‌ಸಿಬಿ ಹೊಸ ಕಂಪನಿಗೆ ಬರಬೇಕಾದರೆ ಹಳೆಯವರಿಂದ ಪತ್ರ ತರಬೇಕೆ? ನನ್ನ ಪಾಲಿಸಿಯಲ್ಲಿ 35 ಇದ್ದರೆ ಇವರು 45 ಕೊಟ್ಟದ್ದು ಹೇಗೆ? ಹಿಂದಿನ ಬಂಪರ್ ಒಡೆದಿದೆ, ಗ್ಯಾರೇಜಿನವರು 9,500 ಎಂದಿದ್ದಾರೆ. ಹಳೆ ಕಂಪನಿ ಬಿಡುವ ಮೊದಲು ಅದನ್ನು ಕ್ಲೇಮ್ ಮಾಡಿಸಿಬಿಡಲೆ? ಬ್ಯಾಂಕಿನ ಒಪ್ಪಿಗೆ ಬೇಕೆ?

ಕಡತಪ್ರಿಯ

ಮೊದಲು ಎನ್‌ಸಿಬಿ ವಿಷಯ ಹೇಳಿಬಿಡುತ್ತೇನೆ ಸರ್, ಕಂಪನಿ ಬದಲಾಯಿಸುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಎನ್‌ಸಿಬಿ ಸೇರುವುದು ಪಾಲಿಸಿದಾರರಿಗೆ. ಕಾರಿಗೂ ಅಲ್ಲ, ಕಂಪನಿಗೂ ಅಲ್ಲ. ಹಾಗಾಗಿ ಕಂಪನಿ ಬದಲಾದರೂ ಅದು ನಿಮ್ಮ ಜೊತೆಗೇ ಬರುತ್ತದೆ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ 20%, ಎರಡಕ್ಕೆ 25, ಮೂರಕ್ಕೆ 35, ನಾಲ್ಕಕ್ಕೆ 45, ಐದಕ್ಕೆ 50. ಅಲ್ಲಿಗೆ ನಿಲ್ಲುತ್ತದೆ. ಈ ರಿಯಾಯಿತಿ ಓಡಿ, ಅಂದರೆ ಸ್ವಂತ ಹಾನಿಯ ಪ್ರೀಮಿಯಂ ಮೇಲೆ ಮಾತ್ರ. ಥರ್ಡ್ ಪಾರ್ಟಿಗೆ ತಾಗುವುದಿಲ್ಲ.

ನಿಮ್ಮ ಪಾಲಿಸಿಯಲ್ಲಿರುವ 35% ಮೊದಲ ಮೂರು ವರ್ಷದ ಗಳಿಕೆ. ಈಗ ನಡೆಯುತ್ತಿರುವ ನಾಲ್ಕನೇ ವರ್ಷವೂ ಕ್ಲೇಮ್ ಇಲ್ಲದೆ ಮುಗಿದರೆ ಮುಂದಿನ ಪಾಲಿಸಿಗೆ 45%. ಆದ್ದರಿಂದ ಹೊಸ ಕಂಪನಿಯ ಲೆಕ್ಕ ಸರಿಯಾಗಿದೆ. ವೆಬ್‌ಸೈಟಿನಲ್ಲಿ "ಹಿಂದಿನ ಪಾಲಿಸಿಯ ಎನ್‌ಸಿಬಿ" ಎಂಬ ಖಾನೆ ಬರುತ್ತದೆ, ಅಲ್ಲಿ 35 ಎಂದೇ ಹಾಕಬೇಕು. ಅದನ್ನು 45ಕ್ಕೆ ಏರಿಸುವುದು ಅವರ ವ್ಯವಸ್ಥೆಯ ಕೆಲಸ. "ನನಗೀಗ 45 ಬರಬೇಕಲ್ಲ" ಎಂದುಕೊಂಡು ನೀವೇ 45 ಹಾಕಿದಿರೋ, ಪಾಲಿಸಿ 50% ರಿಯಾಯಿತಿಯಲ್ಲಿ ಮುದ್ರಣವಾಗಿ ಬರುತ್ತದೆ. ಆಗ ಅದು ತಪ್ಪು ಘೋಷಣೆ.

ತಪ್ಪು ಘೋಷಣೆಯ ಪರಿಣಾಮ ದೊಡ್ಡದು. ಎನ್‌ಸಿಬಿ ಘೋಷಣೆಯಲ್ಲೇ ಬರೆದಿರುತ್ತದೆ: ಇದು ಸುಳ್ಳೆಂದು ಕಂಡರೆ ಪಾಲಿಸಿಯ ಮೊದಲ ವಿಭಾಗದ, ಅಂದರೆ ಸ್ವಂತ ಹಾನಿಯ, ಎಲ್ಲ ಸೌಲಭ್ಯವೂ ಹೋಗುತ್ತದೆ. ಕೆಲವು ನೂರು ರೂಪಾಯಿಯ ವ್ಯತ್ಯಾಸ ಲಕ್ಷದ ಕ್ಲೇಮ್ ನುಂಗುವುದು ಹೀಗೆ. ಹೊಸ ಕಂಪನಿ 21 ದಿನದೊಳಗೆ ಹಳೆ ಕಂಪನಿಗೆ ಬರೆದು ಎನ್‌ಸಿಬಿ ದೃಢಪಡಿಸಿಕೊಳ್ಳಬೇಕು, ಹಳೆಯವರು 30 ದಿನದೊಳಗೆ ಉತ್ತರಿಸಬೇಕು ಎಂಬ ನಿಯಮ ಮೋಟಾರ್ ಟ್ಯಾರಿಫ್‌ನಲ್ಲಿದೆ (ವಾಹನ ವಿಮೆಯ ನಿಯಮಾವಳಿ). ಅವರು ಕೇಳಲಿ ಬಿಡಲಿ, ಕ್ಲೇಮ್ ಬಂದ ದಿನ ಕಡತ ತೆಗೆದೇ ತೆಗೆಯುತ್ತಾರೆ.

ಪತ್ರದ ವಿಷಯ: ಅದೇ ಕಾರು, ಅದೇ ಮಾಲೀಕರು, ಪಾಲಿಸಿ ಮುಗಿಯುವ ಮೊದಲೇ ನವೀಕರಣ ಎಂದಾದರೆ ಸಾಮಾನ್ಯವಾಗಿ ಹಳೆ ಪಾಲಿಸಿಯ ಪ್ರತಿ ಸಾಕು. ಕಾರು ಮಾರಿ ಇನ್ನೊಂದು ಕಾರಿಗೆ ಎನ್‌ಸಿಬಿ ಒಯ್ಯುವಾಗ ಮಾತ್ರ ಎನ್‌ಸಿಬಿ ಮೀಸಲು ಪತ್ರ ಬೇಕೇ ಬೇಕು. ಅದಕ್ಕೆ 3 ವರ್ಷ ಬೆಲೆ ಇದೆ.

ಇನ್ನೊಂದು ಮಾತು. ಹಳೆ ಪಾಲಿಸಿಯಲ್ಲಿ "ಎನ್‌ಸಿಬಿ ಪ್ರೊಟೆಕ್ಟ್" ಆಡ್-ಆನ್ ಇದ್ದು, ಕ್ಲೇಮ್ ಆದ ಮೇಲೂ ಶೇಕಡಾವಾರು ಉಳಿದಿದ್ದರೆ, ಆ ರಕ್ಷಣೆ ಬಹುತೇಕ ಅದೇ ಕಂಪನಿಯಲ್ಲಿ ನವೀಕರಿಸಿದರೆ ಮಾತ್ರ ಸಿಗುತ್ತದೆ. ಬೇರೆ ಕಂಪನಿ ಕೇಳುವುದು "ಕಳೆದ ವರ್ಷ ಕ್ಲೇಮ್ ಆಗಿತ್ತೇ" ಎಂದು. ನಿಮಗೆ ಇದು ಅನ್ವಯಿಸದು, ಇದನ್ನು ಓದುವ ಬೇರೆಯವರಿಗೆ ಅನ್ವಯಿಸಬಹುದು.

ಲೆಕ್ಕದ_ಪುಸ್ತಕ

ಎರಡು ಪ್ರೀಮಿಯಂಗಳನ್ನು ಹಾಗೇ ಪಕ್ಕಪಕ್ಕ ಇಟ್ಟು ನೋಡಬೇಡಿ. ಐಡಿವಿ ಬೇರೆ ಬೇರೆ ಇದೆ.

ಥರ್ಡ್ ಪಾರ್ಟಿ ದರ ಸರ್ಕಾರ ನಿಗದಿ ಮಾಡುವುದು. ಯಾವ ಕಂಪನಿಗೆ ಹೋದರೂ ಒಂದೇ. 2022ರ ಜೂನ್ 1ರಿಂದ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗೆ 2,094, ಅಲ್ಲಿಂದ 1,500ರವರೆಗೆ 3,416, ಅದಕ್ಕೂ ಮೇಲಿನವಕ್ಕೆ 7,897 ರೂ. ಆದ್ದರಿಂದ ಚೌಕಾಸಿಗೆ ಉಳಿಯುವುದು ಓಡಿ ಮತ್ತು ಆಡ್-ಆನ್ ಮಾತ್ರ. ಓಡಿ ತಗ್ಗಿಸುವ ಸುಲಭ ದಾರಿ ಐಡಿವಿ ತಗ್ಗಿಸುವುದು.

ಐಡಿವಿಗೆ ಲೆಕ್ಕ ಇದೆ. ತಯಾರಕರ ಈಗಿನ ಪಟ್ಟಿ ಬೆಲೆ ಹಿಡಿದು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯಬೇಕು. 6 ತಿಂಗಳವರೆಗೆ 5%, 1 ವರ್ಷದವರೆಗೆ 15, 2ರವರೆಗೆ 20, 3ರವರೆಗೆ 30, 4ರವರೆಗೆ 40, 5ರವರೆಗೆ 50. ಐದು ದಾಟಿದ ಕಾರಿಗೆ ಕಂಪನಿ ಮತ್ತು ನೀವು ಒಪ್ಪಿದ ಮೊತ್ತ. ನಿಮ್ಮ ಕಾರು 4 ದಾಟಿ 5ನೇ ವರ್ಷಕ್ಕೆ ಕಾಲಿಡುತ್ತಿದೆ. ನಿಮ್ಮ ವೇರಿಯಂಟ್‌ನ ಈಗಿನ ಎಕ್ಸ್-ಶೋರೂಂ ಬೆಲೆ 7,60,000 ಇದ್ದರೆ ಅರ್ಧ 3,80,000. ಹಳೆ ಕಂಪನಿಯ ಅಂಕಿ ಅಲ್ಲಿಗೆ ಕೂಡಿ ಬರುತ್ತದೆ.

ಈಗ ಹೊಸ ಕಂಪನಿಯಲ್ಲೂ 3,80,000ಕ್ಕೆ ಏರಿಸಿ ನೋಡೋಣ. 3,25,000ಕ್ಕೆ 7,200 ಎಂದರೆ 3,80,000ಕ್ಕೆ ಸುಮಾರು 8,418. ಅದರಲ್ಲಿ 45% ಕಳೆದರೆ 4,630. ಮೊದಲಿಗಿಂತ 670 ಹೆಚ್ಚು, ಜಿಎಸ್‌ಟಿ ಸೇರಿದರೆ 790. ಅಂದರೆ ಪ್ರೀಮಿಯಂ 11,647ರ ಆಸುಪಾಸು. ಜೀರೋ ಡೆಪ್ ದರವೂ ಅಲ್ಪಸ್ವಲ್ಪ ಏರಬಹುದು. ಎರಡು ಕಂಪನಿಗಳ ನಿಜವಾದ ಅಂತರ 2,743 ಅಲ್ಲ, ಸುಮಾರು 1,950. ಅದೇನೂ ಕಡಿಮೆ ಅಲ್ಲ, ಬದಲಾಯಿಸಬಹುದು. ಆದರೆ ಐಡಿವಿ ಏರಿಸಿಕೊಂಡೇ ಬದಲಾಯಿಸಿ.

ಯಾಕೆಂದರೆ ಕಾರು ಕಳುವಾದರೆ ಕೈಗೆ ಬರುವುದು ಐಡಿವಿ. 790 ರೂಪಾಯಿ ಉಳಿಸಲು ಹೋಗಿ 55,000 ಬಿಟ್ಟುಕೊಟ್ಟಂತಾಗುತ್ತದೆ. ರಿಪೇರಿ ವೆಚ್ಚ ಐಡಿವಿಯ 75% ಮೀರಿದರೆ ಕಾರನ್ನು ಪೂರ್ತಿ ನಷ್ಟ ಎಂದು ಪರಿಗಣಿಸುತ್ತಾರೆ. ಆ ಗೆರೆ 3,80,000ಕ್ಕೆ 2,85,000ರಲ್ಲಿ, 3,25,000ಕ್ಕೆ 2,43,750ರಲ್ಲಿ ಬೀಳುತ್ತದೆ. ನೀರು ನುಗ್ಗಿದ ಕಾರಿಗೆ 2.6 ಲಕ್ಷದ ಅಂದಾಜು ಬಂತೆನ್ನಿ. ಒಂದು ಐಡಿವಿಯಲ್ಲಿ ಕಾರು ರಿಪೇರಿಯಾಗಿ ಮನೆಗೆ ಬರುತ್ತದೆ, ಇನ್ನೊಂದರಲ್ಲಿ ಗುಜರಿಗೆ ಹೋಗುತ್ತದೆ.

ಕಡ್ಡಾಯ ಕಡಿತದ (ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಮೊತ್ತದ) ಸಾಲೂ ನೋಡಿ. 1,500 ಸಿಸಿವರೆಗೆ ಪ್ರತಿ ಕ್ಲೇಮಿಗೆ 1,000 ರೂ., ಮೇಲಿನವಕ್ಕೆ 2,000. ಅದರ ಕೆಳಗೆ "ಸ್ವಯಂಪ್ರೇರಿತ ಕಡಿತ" ಎಂದು 2,500 ಅಥವಾ 5,000 ಸೇರಿದ್ದರೆ, ಅಗ್ಗದ ಗುಟ್ಟು ಅಲ್ಲಿರುತ್ತದೆ. ವೆಬ್‌ಸೈಟಿನಲ್ಲಿ ಕೆಲವೊಮ್ಮೆ ಆ ಆಯ್ಕೆಗೆ ಮೊದಲೇ ಟಿಕ್ ಬಿದ್ದಿರುತ್ತದೆ, ತೆಗೆಯಿರಿ.

ಬಾಡಿಶಾಪ್_ಕಣ್ಣು

ಬಂಪರ್ ಬಗ್ಗೆ. ನಿಮಗೆ ಈಗ ಜೀರೋ ಡೆಪ್ ಇರುವುದರಿಂದ 9,500ರಲ್ಲಿ ಕಡ್ಡಾಯ ಕಡಿತ 1,000 ಹೋಗಿ 8,500 ಸಿಗಬಹುದು. (ಜೀರೋ ಡೆಪ್ ಇಲ್ಲದವರಿಗೆ ಲೆಕ್ಕ ಬೇರೆ. ಬಿಲ್ಲಿನಲ್ಲಿ ಬಂಪರ್ 6,000, ಪೇಂಟ್ 2,400, ಕೂಲಿ 1,100 ಎಂದುಕೊಳ್ಳಿ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರ್‌ಗಳಿಗೆ 50% ಸವಕಳಿ, ಆದ್ದರಿಂದ ಬಂಪರಿಗೆ 3,000. ಪೇಂಟ್ ಬಿಲ್ಲಿನ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, ಹಾಗಾಗಿ 2,100. ಕೂಲಿಗೆ ಕಡಿತವಿಲ್ಲ. ಒಟ್ಟು 6,200, ಅದರಲ್ಲಿ 1,000 ಕಳೆದು 5,200.)

ಈಗ ಕೊಡುವ ಬೆಲೆ ನೋಡಿ. ಕ್ಲೇಮ್ ಮಾಡದಿದ್ದರೆ ಮುಂದಿನ ಐದು ವರ್ಷ ನಿಮ್ಮ ಎನ್‌ಸಿಬಿ 45, 50, 50, 50, 50. ಮಾಡಿದರೆ 0, 20, 25, 35, 45. ವ್ಯತ್ಯಾಸ 45, 30, 25, 15, 5. ಕೂಡಿದರೆ ಒಂದು ವರ್ಷದ ಮೂಲ ಓಡಿಯ 120%. ಐಡಿವಿ ಇಳಿಯುತ್ತಾ ಓಡಿಯೂ ಇಳಿಯುತ್ತದೆ. 7,200ರಿಂದ ಶುರುವಾಗಿ ವರ್ಷಕ್ಕೆ 10% ಇಳಿಕೆ ಎಂದು ಹಿಡಿದರೆ ನಷ್ಟ ಸುಮಾರು 7,660, ಜಿಎಸ್‌ಟಿ ಸೇರಿ 9,000 ಚಿಲ್ಲರೆ. 8,500 ಪಡೆಯಲು 9,000 ಕಳೆದುಕೊಳ್ಳುವ ವ್ಯಾಪಾರ. ಕೈಯಿಂದಲೇ ಹಾಕಿಸಿ. ಹದಿನೈದು ಸಾವಿರಕ್ಕೆ ಮೇಲ್ಪಟ್ಟ ಬಿಲ್ ಆಗಿದ್ದರೆ ಕ್ಲೇಮ್ ಮಾಡಿ ಎನ್ನುತ್ತಿದ್ದೆ.

ಆದರೆ ಒಡೆದ ಬಂಪರನ್ನು ಹಾಗೇ ಇಟ್ಟುಕೊಂಡು ಹೊಸ ಪಾಲಿಸಿಯಲ್ಲಿ ಕ್ಲೇಮ್ ಮಾಡುವ ಯೋಚನೆ ಖಂಡಿತ ಬೇಡ. ಬಿರುಕಿನೊಳಗೆ ಧೂಳು ಕಪ್ಪುಗಟ್ಟಿರುತ್ತದೆ. ತಗಡಿನ ಮೇಲಾದರೆ ಗೀರಿನ ಅಂಚಿಗೆ ತುಕ್ಕು ಹತ್ತಿರುತ್ತದೆ. ಹೊಸ ಬಿರುಕಿನ ಅಂಚು ಚೂಪಾಗಿ, ಒಳಗಿನ ಪ್ಲಾಸ್ಟಿಕ್ ಶುಭ್ರವಾಗಿ ಕಾಣುತ್ತದೆ. ಹಾನಿ ಪರಿಶೀಲಿಸಲು ಬರುವ ಸರ್ವೇಯರ್ ಮೊದಲು ನೋಡುವುದೇ ಅದನ್ನು. ಪಾಲಿಸಿ ಶುರುವಾಗುವ ಮುಂಚಿನ ಹಾನಿಗೆ ಹೊಸ ಕಂಪನಿ ಕೊಡುವುದಿಲ್ಲ, ಸುಳ್ಳು ತಾರೀಕು ಹೇಳಿದರೆ ಅದು ವಂಚನೆಯಾಗುತ್ತದೆ. ಬಂಪರ್ ಹಾಕಿಸಿದ ಬಿಲ್ ಇಟ್ಟುಕೊಳ್ಳಿ. ಮುಂದೆ ಅದೇ ಜಾಗಕ್ಕೆ ಪೆಟ್ಟು ಬಿದ್ದರೆ ಹಳೆ ಹಾನಿ ರಿಪೇರಿಯಾಗಿತ್ತು ಎಂಬುದಕ್ಕೆ ಅದೇ ಪುರಾವೆ.

ಜೀರೋ ಡೆಪ್ ಎಂಬ ಹೆಸರು ಒಂದೇ ಆದರೂ ಒಳಗಿನ ಷರತ್ತು ಎಲ್ಲ ಕಡೆ ಒಂದೇ ಅಲ್ಲ. ವರ್ಷಕ್ಕೆ ಎಷ್ಟು ಕ್ಲೇಮ್ ಎಂದು ಓದಿ, ಹಲವು ಪಾಲಿಸಿಗಳಲ್ಲಿ ಎರಡೇ. ಟೈರ್, ಬ್ಯಾಟರಿ ಸಾಮಾನ್ಯವಾಗಿ ಅದರ ಹೊರಗೆ. ಎಂಜಿನ್ ಆಯಿಲ್, ನಟ್, ಬೋಲ್ಟ್, ಕೂಲಂಟ್ ಬೇಕಾದರೆ ಕನ್ಸ್ಯೂಮಬಲ್ಸ್ ಎಂಬ ಬೇರೆ ಆಡ್-ಆನ್ ತಗೋಬೇಕು. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಿ ಸಿಲಿಂಡರಿಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಾಗಿದರೆ ಅದಕ್ಕೆ ಜೀರೋ ಡೆಪ್ ಆಗುವುದಿಲ್ಲ, ಎಂಜಿನ್ ಪ್ರೊಟೆಕ್ಟ್ ಬೇಕು.

ಹಣ ಕಟ್ಟುವ ಮೊದಲು ನೀವು ಕಾರು ಬಿಡುವ ವರ್ಕ್‌ಶಾಪಿನ ಇನ್ಶೂರೆನ್ಸ್ ಡೆಸ್ಕಿಗೆ ಫೋನ್ ಮಾಡಿ "ಈ ಕಂಪನಿಯ ಕ್ಯಾಶ್‌ಲೆಸ್ ಈಗ ನಡೆಯುತ್ತಿದೆಯೇ" ಎಂದು ಕೇಳಿ. ವೆಬ್‌ಸೈಟಿನ ಪಟ್ಟಿಯಲ್ಲಿ ಹೆಸರಿದ್ದೂ ಒಪ್ಪಂದ ನಿಂತುಹೋಗಿರುವುದುಂಟು.

ನಾಲ್ಕನೇ_ಗೇರ್

ತುಂಬಾ ಧನ್ಯವಾದ. ಬಂಪರ್ ಕೈಯಿಂದಲೇ ಹಾಕಿಸುತ್ತೇನೆ, ಐಡಿವಿ 3,80,000ಕ್ಕೆ ಏರಿಸುತ್ತೇನೆ. ಈಗಲೇ ಹಣ ಕಟ್ಟಿಬಿಟ್ಟರೆ ತೊಂದರೆ ಇದೆಯೇ, ಕೊನೆಯ ದಿನದವರೆಗೆ ಕಾಯಬೇಕೆ? ಸಾಲದ ವಿಷಯವೂ ಯಾರಾದರೂ ತಿಳಿಸಿ. ಮನೆಯಲ್ಲಿ ತಂಗಿಯ ಕಾರಿಗೆ ಈಗಷ್ಟೇ 1 ವರ್ಷ ಆಗುತ್ತಿದೆ, ಅದಕ್ಕೂ ಇದೇ ಕ್ರಮವೇ?

ಕಡತಪ್ರಿಯ

ಕೊನೆಯ ದಿನದವರೆಗೆ ಕಾಯಬೇಡಿ. ವಾರ ಹತ್ತು ದಿನ ಮೊದಲೇ ಕಟ್ಟಿ. ಹಳೆ ಪಾಲಿಸಿ ಮುಗಿಯುವ ದಿನದ ಮಧ್ಯರಾತ್ರಿ ದಾಟಿದ ಕ್ಷಣದಿಂದ ಹೊಸದು ಶುರುವಾಗಬೇಕು. ಹಳೆಯದು 14ರ ರಾತ್ರಿ 11:59ಕ್ಕೆ ಮುಗಿದರೆ ಹೊಸದರಲ್ಲಿ 15ರ 00:00 ಎಂದಿರಬೇಕು. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ಪ್ರೀಮಿಯಂ ಸೇರುವ ಮುನ್ನ ಕಂಪನಿಗೆ ಹೊಣೆ ಇಲ್ಲ. ಕೊನೆಯ ರಾತ್ರಿ ಪೇಮೆಂಟ್ ಸಿಕ್ಕಿಹಾಕಿಕೊಂಡರೆ ಬೆಳಿಗ್ಗೆ ಕಾರಿಗೆ ವಿಮೆಯೇ ಇಲ್ಲ.

ಒಂದು ದಿನದ ಖಾಲಿ ಬಿದ್ದರೂ ಹೊಸ ಕಂಪನಿ ಕಾರು ತಪಾಸಣೆ ಕೇಳುತ್ತದೆ, ಆ್ಯಪ್‌ನಲ್ಲಿ ನಾಲ್ಕೂ ಕಡೆಯ ವಿಡಿಯೋ, ಛಾಸಿ ನಂಬರ್, ಓಡೋಮೀಟರ್ ಎಲ್ಲ ತೆಗೆದು ಕಳಿಸಬೇಕು. ಜೀರೋ ಡೆಪ್ ನಿರಾಕರಿಸಲೂಬಹುದು. "ಪಾಲಿಸಿ ಮುಗಿದ ಮೇಲೂ ಎನ್‌ಸಿಬಿಗೆ 90 ದಿನ ಇದೆಯಲ್ಲ" ಎಂದು ನಿಶ್ಚಿಂತರಾಗಿರುವವರು ಗಮನಿಸಿ: ಆ 90 ದಿನ ರಿಯಾಯಿತಿಯನ್ನಷ್ಟೇ ಉಳಿಸುತ್ತದೆ. ಅಷ್ಟೂ ದಿನ ಕಾರಿಗೆ ರಕ್ಷಣೆ ಸೊನ್ನೆ. ವಿಮೆ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 196ನೇ ಕಲಮಿನಡಿ ಮೊದಲ ಸಲ 2,000, ಮತ್ತೆ ಸಿಕ್ಕಿದರೆ 4,000 ದಂಡ, 3 ತಿಂಗಳವರೆಗೆ ಸೆರೆಯೂ ಆಗಬಹುದು. ದಂಡ ಹೇಗೋ ಕಟ್ಟಬಹುದು. ಆ ದಿನಗಳಲ್ಲಿ ಯಾರಿಗಾದರೂ ಪೆಟ್ಟಾದರೆ ನ್ಯಾಯಮಂಡಳಿ ವಿಧಿಸುವ ಪರಿಹಾರ ಪೂರ್ತಿ ಮಾಲೀಕರ ತಲೆಗೆ ಬರುತ್ತದೆ. ಅದು ಮನೆ ಮಾರಿಸುವಂಥ ಮೊತ್ತ.

ಬೇಗ ಕಟ್ಟುವುದರಲ್ಲೂ ಒಂದು ಎಚ್ಚರ ಬೇಕು. ಹಣ ಕಟ್ಟಿದ ಮೇಲೆ, ಹಳೆ ಪಾಲಿಸಿ ಮುಗಿಯುವುದರೊಳಗೆ ಅಪಘಾತವಾಗಿ ಕ್ಲೇಮ್ ಮಾಡಿದಿರಿ ಎನ್ನಿ. ಆ ಕ್ಲೇಮ್ ಹಳೆ ಕಂಪನಿಯದೇ, ಅಪಘಾತದ ತಾರೀಕು ಮುಖ್ಯ. ಆದರೆ ಹೊಸ ಕಂಪನಿಗೆ ನೀವು ಕೊಟ್ಟ 45%ರ ಘೋಷಣೆ ಅಲ್ಲಿಗೆ ಸುಳ್ಳಾಯಿತು. ಕೂಡಲೇ ಅವರಿಗೆ ಇಮೇಲ್ ಬರೆದು, ವ್ಯತ್ಯಾಸದ ಹಣ ಕಟ್ಟಿ, ಎಂಡಾರ್ಸ್‌ಮೆಂಟ್ (ಪಾಲಿಸಿಯ ತಿದ್ದುಪಡಿ ಪತ್ರ) ಪಡೆಯಬೇಕು. ಪ್ರಾಮಾಣಿಕರಾಗಿದ್ದೂ ಕ್ಲೇಮ್ ಕಳೆದುಕೊಳ್ಳುವುದು ಇಂಥ ಮರೆವಿನಿಂದ.

ಸಾಲಕ್ಕೆ: ಬ್ಯಾಂಕಿನ ಒಪ್ಪಿಗೆ ಬೇಡ. ಆದರೆ ಆರ್‌ಸಿಯಲ್ಲಿರುವ ಹಾಗೇ ಬ್ಯಾಂಕಿನ ಹೆಸರು ಹೊಸ ಪಾಲಿಸಿಯ ಹೈಪಾಥಿಕೇಶನ್ (ಕಾರು ಯಾರ ಸಾಲಕ್ಕೆ ಅಡವಿದೆ ಎಂಬ) ಖಾನೆಯಲ್ಲಿ ಬರಬೇಕು. ಪಾಲಿಸಿ ಬಂದ ಮೇಲೆ ಬ್ಯಾಂಕಿಗೆ ಒಂದು ಪ್ರತಿ ಕಳಿಸಿ. ಸಾಲ ತೀರಿದ ಮೇಲೆ ಮೊದಲು ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೊಟ್ಟು ಆರ್‌ಸಿಯಲ್ಲಿ ಹೆಸರು ತೆಗೆಸಿ, ಆಮೇಲೆ ಪಾಲಿಸಿಯಲ್ಲಿ. ಪಾಲಿಸಿಯಲ್ಲಿ ಉಳಿದುಬಿಟ್ಟರೆ ಪೂರ್ತಿ ನಷ್ಟದ ಹಣಕ್ಕಾಗಿ ತೀರಿದ ಸಾಲಕ್ಕೂ ಬ್ಯಾಂಕಿಗೆ ಅಲೆಯಬೇಕಾಗುತ್ತದೆ.

ಲೆಕ್ಕದ_ಪುಸ್ತಕ

ತಂಗಿಯವರ ಕಾರಿಗೆ ಕ್ರಮ ಸ್ವಲ್ಪ ಬೇರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಒಟ್ಟಿಗೇ 3 ವರ್ಷಕ್ಕೆ ಕೊಡುತ್ತಾರೆ. ಓಡಿ ಮಾತ್ರ 1 ವರ್ಷಕ್ಕೆ ಮುಗಿದಿರುತ್ತದೆ. ಆದ್ದರಿಂದ ಅವರು ಕೊಳ್ಳಬೇಕಾದದ್ದು ಓಡಿ ಮಾತ್ರ ಇರುವ ಪ್ರತ್ಯೇಕ ಪಾಲಿಸಿ, ಇದು 2019ರ ಸೆಪ್ಟೆಂಬರ್‌ನಿಂದ ಸಿಗುತ್ತಿದೆ. ಥರ್ಡ್ ಪಾರ್ಟಿ ಹಳೆ ಕಂಪನಿಯಲ್ಲೇ ಇರಲಿ, ಓಡಿ ಬೇರೆ ಕಂಪನಿಯಿಂದ ತಗೊಂಡರೆ ಯಾವ ಅಡ್ಡಿಯೂ ಇಲ್ಲ. ಹೊಸ ಕಂಪನಿ ಥರ್ಡ್ ಪಾರ್ಟಿ ಪಾಲಿಸಿಯ ನಂಬರ್, ಕಂಪನಿ ಹೆಸರು, ಮುಗಿಯುವ ತಾರೀಕು ಕೇಳುತ್ತದೆ. ಮೊದಲ ಪಾಲಿಸಿಯ ಪಿಡಿಎಫ್‌ನಲ್ಲಿ ಓಡಿಗೆ ಒಂದು, ಥರ್ಡ್ ಪಾರ್ಟಿಗೆ ಒಂದು, ಹೀಗೆ ಎರಡು ಅವಧಿ ಬರೆದಿರುತ್ತದೆ. ತಪ್ಪಿ ಮತ್ತೆ ಕಾಂಪ್ರಿಹೆನ್ಸಿವ್ (ಓಡಿ, ಥರ್ಡ್ ಪಾರ್ಟಿ ಎರಡೂ ಸೇರಿದ್ದು) ಕೊಂಡರೆ ಥರ್ಡ್ ಪಾರ್ಟಿಗೆ ಎರಡು ಸಲ ಹಣ ಕಟ್ಟಿದಂತೆ.

15 ಲಕ್ಷದ ಮಾಲೀಕ-ಚಾಲಕ ಅಪಘಾತ ವಿಮೆಯನ್ನೂ ನೋಡಿ. ಅದನ್ನೂ 3 ವರ್ಷಕ್ಕೆ ಕೊಂಡಿದ್ದರೆ ಮತ್ತೆ ಬೇಡ. ಬೇರೆ ಕಡೆ ಕನಿಷ್ಠ 15 ಲಕ್ಷದ ವೈಯಕ್ತಿಕ ಅಪಘಾತ ಪಾಲಿಸಿ ಇದ್ದರೂ ಘೋಷಣೆ ಕೊಟ್ಟು ಬಿಡಬಹುದು.

ಬಾಡಿಶಾಪ್_ಕಣ್ಣು

ಪಾಲಿಸಿ ಬಂದ ದಿನ ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ. ಹೆಸರು, ನೋಂದಣಿ ತಾರೀಕು, ತಯಾರಾದ ತಿಂಗಳು, ವೇರಿಯಂಟ್, ಸಿಸಿ, ಎಂಜಿನ್ ನಂಬರ್, ಛಾಸಿ ನಂಬರ್. ಛಾಸಿ ನಂಬರ್ 17 ಅಕ್ಷರದ್ದು. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ದುಂಡಗಿನದು ಕಂಡರೆ ಸೊನ್ನೆ, ನೆಟ್ಟಗಿನದು ಕಂಡರೆ ಒಂದು. ಟೈಪ್ ಮಾಡುವಾಗ ಸೊನ್ನೆಯ ಜಾಗದಲ್ಲಿ ಓ ಬಿದ್ದು ಕ್ಲೇಮ್ ವಾರಗಟ್ಟಲೆ ನಿಲ್ಲುವುದಿದೆ. ತಪ್ಪು ಕಂಡರೆ ಅಂದೇ ಆರ್‌ಸಿ ಪ್ರತಿ ಸಮೇತ ಇಮೇಲ್ ಮಾಡಿ ತಿದ್ದಿಸಿ. ಆಮೇಲೆ ಹಾಕಿಸಿದ ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲೂ ಪಾಲಿಸಿಯಲ್ಲೂ ನಮೂದಾಗಿರಬೇಕು.

ಕಡತಪ್ರಿಯ

ಒಂದು ಬಿಟ್ಟುಹೋಗಿತ್ತು. ಹಳೆ ಕಂಪನಿಗೆ ಕಾರ್ಡ್ ಅಥವಾ ಬ್ಯಾಂಕ್ ಖಾತೆಯಿಂದ ತಾನಾಗಿ ನವೀಕರಣವಾಗುವ ಆಟೋ ಡೆಬಿಟ್ ಕೊಟ್ಟಿದ್ದೀರಾ ನೋಡಿ. ಇದ್ದರೆ ಇವತ್ತೇ ರದ್ದು ಮಾಡಿ. ಇಲ್ಲವಾದರೆ ಒಂದೇ ಕಾರಿಗೆ ಎರಡು ಪಾಲಿಸಿ ಆಗಿಬಿಡುತ್ತದೆ. ಎರಡರ ರಕ್ಷಣೆ ಒಂದೇ ಆಗಿದ್ದರೆ ಟ್ಯಾರಿಫ್ ಪ್ರಕಾರ ನಂತರ ಶುರುವಾದದ್ದನ್ನು ರದ್ದು ಮಾಡಬೇಕು. ಎರಡೂ ಒಂದೇ ಮಧ್ಯರಾತ್ರಿ ಶುರುವಾಗಿದ್ದರೆ ಯಾರು ಬಿಡಬೇಕು ಎಂದು ಎರಡು ಕಂಪನಿಗಳ ನಡುವೆ ನೀವು ಓಡಾಡಬೇಕು. ರದ್ದು ಮಾಡಿಸುವಾಗ ಇನ್ನೊಂದು ಪಾಲಿಸಿಯ ಪ್ರತಿ ತೋರಿಸಲೇಬೇಕು, ಕನಿಷ್ಠ ಥರ್ಡ್ ಪಾರ್ಟಿ ವಿಮೆ ಬೇರೆಡೆ ಇದೆ ಎಂದು ಖಚಿತವಾಗದೆ ಕಂಪನಿ ರದ್ದು ಮಾಡುವಂತಿಲ್ಲ.

ವರ್ಷದ ನಡುವೆ ಕಂಪನಿ ಬದಲಾಯಿಸಬಹುದೇ ಎಂದು ಕೇಳುವವರಿಗೂ ಇದೇ ದಾರಿ. ಕ್ಲೇಮ್ ಇಲ್ಲದಿದ್ದರೆ ಉಳಿದ ಅವಧಿಯ ಪ್ರೀಮಿಯಂ ವಾಪಸ್ ಬರುತ್ತದೆ. ಆದರೆ 12 ತಿಂಗಳು ತುಂಬದ ವರ್ಷಕ್ಕೆ ಎನ್‌ಸಿಬಿ ಏರುವುದಿಲ್ಲ. ನಿಮ್ಮ ಹಾಗೆ 35ರಿಂದ 45ಕ್ಕೆ ಏರುವ ಹೊಸ್ತಿಲಲ್ಲಿ ಇರುವವರು ಆ ಕೆಲವು ವಾರ ತಡೆದುಕೊಳ್ಳಲಿ.